ಹಗೇವಿನ ಗಾಳಿ

ಮೇಣದಬತ್ತಿ ಡ್ರಮ್ಮಿನೊಳಗೆ ಒಂದು ಗೇಣು ಇಳಿಯಿತು, ಉರಿಯುತ್ತಲೇ ಇತ್ತು. ಎರಡನೇ ಗೇಣಿಗೆ ಆರಿಹೋಯಿತು. ಊದಿದವರಿಲ್ಲ, ಗಾಳಿ ಬೀಸಿದ್ದೂ ಇಲ್ಲ. ಯಾರೋ ಎರಡು ಬೆರಳಲ್ಲಿ ಬತ್ತಿ ಹಿಸುಕಿದ ಹಾಗೆ ಸುಮ್ಮನೆ ಆರಿತು.

"ಯಾಕೆ ಆರ್ತು ಹೇಳ್ರಿ?" ಬತ್ತಿ ಕಟ್ಟಿದ ತಂತಿಯನ್ನು ಮೇಲಕ್ಕೆಳೆಯುತ್ತಾ ಮೌನಿಕಾ ಕೇಳಿದಳು.

"ಬತ್ತಿ ಹಳೇದಿರ್ಬೇಕು ಮೇಡಂ," ಅಂದ ತಿಪ್ಪೇಶ. "ಮೂಲೆ ಅಂಗಡೀದು ತಂದಿರ್ತೀರ. ಅವನು ಮುಖ ನೋಡಿ ಮಾಲು ಕೊಡ್ತಾನೆ."

ಷೆಡ್ಡಿನಲ್ಲಿ ಕೂತಿದ್ದ ಇಪ್ಪತ್ತು ಮಂದಿಯೂ ನಕ್ಕರು. ಹಿಂದಿನ ಸಾಲಿನ ಚಿತ್ರಲಿಂಗಪ್ಪ ಮಾತ್ರ ನಗಲಿಲ್ಲ. ಅವನ ಕಣ್ಣು ಡ್ರಮ್ಮಿನ ಬಾಯಿಗೇ ನೆಟ್ಟಿತ್ತು. ಇಂಥದೇ ಮಾತನ್ನು ಅವನು ಹಿಂದೆ ಒಮ್ಮೆ ಕೇಳಿದ್ದ. ಹೇಳಿದವನು ಅವನ ಅಣ್ಣ ನಿಂಗಪ್ಪ. ಅದೇ ಅವನ ಕೊನೆಯ ಮಾತಾಗಿತ್ತು.

ಚಿತ್ರಲಿಂಗಪ್ಪ ಜವನಗೊಂಡನಹಳ್ಳಿ ಕಡೆಯವನು. ಕುರಿ ಕಾಯ್ದುಕೊಂಡಿದ್ದವನಿಗೆ, ಹೊಲಗಳ ಅಡಿಯಲ್ಲಿ ಗ್ಯಾಸಿನ ಪೈಪು ಹೂತ ವರ್ಷ, ಆ ಪೈಪಿನ ಮೇಲೆ ನಡೆಯುವ ಕೆಲಸ ಸಿಕ್ಕಿತ್ತು. ದಿನಕ್ಕೆ ಎಂಟು ಕಿಲೋಮೀಟರು. ಯಾರು ಎಲ್ಲಿ ಮಣ್ಣು ಅಗೆದಿದ್ದಾರೆ, ಎಲ್ಲಿ ಹುಲ್ಲು ಕಾರಣವಿಲ್ಲದೆ ಹಳದಿಯಾಗಿದೆ, ಎಲ್ಲಿ ನೆಲ ಬುಸ್ ಅನ್ನುತ್ತಿದೆ, ನೋಡಿ ಫೋನು ಮಾಡಬೇಕು. ಓದಿದ್ದು ಮೂರನೇ ಕ್ಲಾಸು. ನೆಲ ನೋಡುವುದಕ್ಕೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಈಗ ಕಂಪನಿ ಎರಡು ಹೊಸ ಪೈಪು ಹಾಕುತ್ತಿತ್ತು. ಒಂದರಲ್ಲಿ ಹೈಡ್ರೋಜನ್, ಗುಡ್ಡದ ಮೇಲಿನ ಗಾಳಿಯಂತ್ರಗಳ ಕರೆಂಟಿನಿಂದ ನೀರು ಒಡೆದು ತೆಗೆದದ್ದು. ಇನ್ನೊಂದರಲ್ಲಿ ಕಾರ್ಬನ್ ಡೈಆಕ್ಸೈಡ್. ಸಿಮೆಂಟು ಫ್ಯಾಕ್ಟರಿಯ ಹೊಗೆಯಿಂದ ಹಿಡಿದದ್ದು. ಕಂಟ್ರೋಲ್ ರೂಮಿನಲ್ಲಿ ಕೂರುವ ಆಪರೇಟರಿಂದ ಹಿಡಿದು ಪೈಪಿನ ಮೇಲೆ ನಡೆಯುವವರ ತನಕ, ಹಳೆಯ ಗ್ಯಾಸಿಗೆ ಪಳಗಿದವರೆಲ್ಲ ಎರಡು ದಿನ ದುರ್ಗದ ಹೊರಗಿನ ಈ ಷೆಡ್ಡಿನಲ್ಲಿ ಕೂತು ಹೊಸದನ್ನು ಕಲಿಯಬೇಕಿತ್ತು. ಕಲಿಸಲು ಬಂದಿದ್ದ ಮೌನಿಕಾ ಹೊಸದುರ್ಗದ ಹುಡುಗಿ, ಇಂಜಿನಿಯರು. ಇಂಗ್ಲಿಷಿನಲ್ಲಿ ಅರ್ಧ ಗಂಟೆ ಹೇಳಿ, ಎಲ್ಲರ ಮುಖ ನೋಡಿ, ಆ ಪುಸ್ತಕ ಮುಚ್ಚಿಟ್ಟು ಮನೆಮಾತಿಗೆ ಇಳಿದಿದ್ದಳು.

ಮೊದಲ ದಿನ ಹೈಡ್ರೋಜನ್ ಪಾಠವಾಗಿತ್ತು. ಅಂಗಳದಲ್ಲಿ ಒಂದು ಸಣ್ಣ ಕೊಳವೆಯ ಬಾಯಿಗೆ ಕಿಡಿ ತೋರಿಸಿ, "ಹತ್ಕಂಡೈತೆ, ಕಾಣ್ತೈತಾ?" ಅಂದಳು. ಬಿಸಿಲಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಉದ್ದನೆಯ ಕಡ್ಡಿಪೊರಕೆಯನ್ನು ಮುಂದಕ್ಕೆ ಚಾಚಿದಳು. ಪೊರಕೆಯ ತುದಿ ಭಗ್ಗೆಂದಿತು. ಹಳೆಯ ಕಾಲದ ಕೆಲಸಗಾರರು ಕಾಣದ ಬೆಂಕಿಗೆ ಹೆದರಿ ಹೀಗೆ ಪೊರಕೆ ಮುಂದೆ ಹಿಡಿದೇ ನಡೆಯುತ್ತಿದ್ದರಂತೆ. "ನಮ್ಮನೇಲಿ ಪೊರಕೆ ಮುಂದೆ ಹಿಡ್ಕಂಡು ಬರೋಳು ನಮ್ಮೆಂಗಸು ಮೇಡಂ, ಬೆಂಕಿ ನಾನು," ಎಂದು ತಿಪ್ಪೇಶ ಅವತ್ತೂ ನಗಿಸಿದ್ದ.

"ಬತ್ತಿ ಹಳೇದಲ್ಲ ತಿಪ್ಪೇಶಣ್ಣ," ಎಂದಳು ಈಗ ಮೌನಿಕಾ. "ನಿನ್ನೇದು ಹಗುರ, ಬಿಟ್ರೆ ಆಕಾಶಕ್ಕೆ ಹೋಗ್ತೈತೆ. ಇದು ಕಾರ್ಬನ್ ಡೈಆಕ್ಸೈಡ್, ತೂಕದ್ದು. ನೀರಿನಂಗೆ ತಗ್ಗು ಹುಡುಕ್ಕಂಡು ಹರೀತೈತೆ. ಹಳ್ಳ, ಬಾವಿ, ನಮ್ಮ ವಾಲ್ವಿನ ಗುಂಡಿ, ಎಲ್ಲಿ ಆಳ ಐತೋ ಅಲ್ಲಿ ಕುಂತ್ಕಂತೈತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಪೈಪು ಒಡೆದ್ರೆ ಬೆಳ್ಳಗೆ ಮಂಜಿನಂಗೆ ಬರ್ತೈತೆ. ಅದ್ರೊಳಗೆ ಜೀಪು ನುಗ್ಗಿಸಬ್ಯಾಡ್ರಿ, ಇಂಜಿನ್ನೂ ನಿಂತೋಗ್ತೈತೆ. ಗಾಳಿ ಎತ್ಲಾಗಿಂದ ಬರ್ತೈತೋ ಅತ್ಲಾಗೆ, ದಿಬ್ಬ ಹತ್ರಿ. ಸರಿ, ಊರಾಗೆ ಮೊದಲು ಯಾರಿಗೆ ಗೊತ್ತಾಗ್ತೈತೆ ಹೇಳ್ರಿ?"

ಮೀಟರಿಗೆ ಅಂದ ಒಬ್ಬ. ಕಂಟ್ರೋಲ್ ರೂಮಿಗೆ ಅಂದ ಇನ್ನೊಬ್ಬ.

"ಕುರಿಗೆ," ಅಂದ ಚಿತ್ರಲಿಂಗಪ್ಪ. ದನಿ ಅವನಿಗೇ ದೂರದಿಂದ ಬಂದ ಹಾಗೆ ಕೇಳಿತು. "ಮೂತಿ ನೆಲಕ್ಕಿಟ್ಕಂಡಿರೋದು ಅದೇ ಅಲ್ವಾ."

ಮೌನಿಕಾ ಅವನನ್ನು ನೋಡಿ ನಕ್ಕಳು. ಬೋರ್ಡಿನ ಮೇಲೆ ಕುರಿ ಎಂದು ಬರೆದಳು. ಅವನು ಎದ್ದು ನಿಂತ.

"ಮೇಡಂ, ಹಗೇವಿನಾಗಿರೋದೂ ಇದೇನಾ?"

ಮುಂದಿದ್ದ ಹನುಮೇಶ ಹಿಂದಕ್ಕೆ ತಿರುಗಿದ. ಕಂಟ್ರೋಲ್ ರೂಮಿನ ಹುಡುಗ, ಪೇಟೆಯಲ್ಲೇ ಬೆಳೆದವನು. "ಹಗೇವು ಅಂದ್ರೆ ಏನಣ್ಣ?"

"ರಾಗಿ ಗುಂಡಿ ಕಣಪ್ಪ. ನೆಲದಾಗೆ ಎರಡಾಳುದ್ದ ತೋಡೋದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಡಿಯೋದು."

"ಇದೇ ಅಣ್ಣ," ಎಂದಳು ಮೌನಿಕಾ. "ರಾಗಿ ತೇವ ಆದ್ರೆ ಉಸಿರು ಬಿಡ್ತೈತೆ. ಮುಚ್ಚಿದ ಗುಂಡಿ, ಆ ಉಸಿರು ಎಲ್ಲಿಗೋಗ್ಬೇಕು? ಅಲ್ಲೇ ತುಂಬ್ಕಂತೈತೆ."

"ಅದ್ರಾಗೆ ಒಬ್ಬ ಬಿದ್ದವ್ನೆ ಅಂದ್ಕಳ್ರಿ," ಅಂದ ಚಿತ್ರಲಿಂಗಪ್ಪ. "ಮೇಲೆ ಇನ್ನೊಬ್ಬ ಅವ್ನೆ. ಇಪ್ಪತ್ತು ವರ್ಷದೋನು, ಗಟ್ಟಿ ಆಳು. ಉಸಿರು ಬಿಗಿ ಹಿಡ್ಕಂಡು ಇಳಿದ್ರೆ ಬಿದ್ದೋನ್ನ ಎತ್ಕಂಡು ಬರಬಹುದಾ?"

"ಇಳೀಬಹುದಣ್ಣ," ಎಂದಳು ಆ ಹುಡುಗಿ. "ಹತ್ತಾಕಾಗಲ್ಲ."

ಅವನು ನಿಂತೇ ಇದ್ದ. ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ಬಿದ್ದೋನ್ನ ಎತ್ತಾಕೋಗಿ ಎರಡನೆಯೋನು. ಅವನ್ನ ಎತ್ತಾಕೋಗಿ ಮೂರನೆಯೋನು. ಎಲ್ಲ ಕಡೆ ಇಂಗೇ ಆಗಿರೋದು. ಈ ಎರಡು ದಿನದಾಗೆ ಇದೊಂದು ಕಲ್ತು ಹೋದ್ರೂ ಸಾಕು ನಂಗೆ. ಎರಡನೆಯೋನ್ನ ಹಿಡೀರಿ. ಬೈದ್ರೂ ಬಿಡಬ್ಯಾಡ್ರಿ, ಹೊಡೆದ್ರೂ ಬಿಡಬ್ಯಾಡ್ರಿ. ಹಿಡ್ದೋರು ಒಂದು ಜೀವ ಉಳಿಸ್ದಂಗೆ."

ಟೀ ಆದ ಮೇಲೆ ಅಂಗಳದಲ್ಲಿ ಡ್ರಿಲ್ಲು. ಸಿಮೆಂಟಿನ ವಾಲ್ವ್ ಗುಂಡಿಯೊಳಗೆ ಹುಲ್ಲು ತುಂಬಿದ ಕಿತ್ತಳೆ ಬಣ್ಣದ ಬೊಂಬೆಯೊಂದನ್ನು ಮಲಗಿಸಿದ್ದರು. ಬಿದ್ದವನು ಅದು. ಅವನನ್ನು ಕಂಡು ಓಡಿಬರುವವನು ಹನುಮೇಶ. ಹಿಡಿಯುವವನು ಚಿತ್ರಲಿಂಗಪ್ಪ. ಹೆಸರು ಕೂಗಿದ್ದು ಮೌನಿಕಾ, ಅವಳಿಗೇನು ಗೊತ್ತು.

"ಅಯ್ಯೋ ಅಣ್ಣಾ, ಬಿದ್ದೋದ್ಯಲ್ಲಣ್ಣಾ!" ಎಂದು ನಾಟಕದವನಂತೆ ಕೂಗುತ್ತಾ ಹನುಮೇಶ ಗುಂಡಿಯತ್ತ ನುಗ್ಗಿದ. ಚಿತ್ರಲಿಂಗಪ್ಪ ಹಿಂದಿನಿಂದ ಅವನ ಸೊಂಟಕ್ಕೆ ಕೈ ಹಾಕಿ ಎರಡೂ ಕೈ ಬೆಸೆದ. ಇಬ್ಬರೂ ನೆಲಕ್ಕೆ ಬಿದ್ದರು. ಸುತ್ತ ನಿಂತವರು ಶಿಳ್ಳೆ ಹಾಕಿದರು.

ನಿಂಗಪ್ಪ ಸತ್ತ ವರ್ಷ ಮಳೆ ಹೆಚ್ಚಾಗಿ ಹಗೇವಿಗೆ ನೀರು ಇಂಗಿತ್ತು. ಮನೆದೇವರ ಪರವಿನ ಊಟಕ್ಕೆ ನೆಂಟರು ಬರುವವರಿದ್ದರು, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಚಪ್ಪಡಿ ಸರಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗದಲ್ಲಿ ಲಾಟೀನು ಇಳಿಸಿ, ದೀಪ ನಿಂತರೆ ಮಾತ್ರ ಆಳು ಇಳಿಯುವುದು ಅವರ ಪದ್ಧತಿ. ನಿಂಗಪ್ಪ ಮಧ್ಯಾಹ್ನದ ತನಕ ಕಾದ, ಅಷ್ಟೇ. ಲಾಟೀನು ಇಳಿಸಿದ. ಆರಿತು. "ನಿಮ್ಮತ್ಗೆ ಎಣ್ಣೆ ಹಾಕೋದು ಮರ್ತವ್ಳೆ ಕಣ್ಲಾ," ಎಂದು ನಕ್ಕು, ಲಾಟೀನು ಮೇಲೆಳೆದು ಬದಿಗಿಟ್ಟು, ಹಗ್ಗ ಹಿಡಿದ.

ಎಣ್ಣೆ ಹಾಕಿದ್ದು ಚಿತ್ರಲಿಂಗಪ್ಪ. ಅತ್ತಿಗೆ ಹೇಳಿದಳೆಂದು ಬೆಳಿಗ್ಗೆ ತಾನೇ ಕಂಠಮಟ್ಟ ತುಂಬಿಸಿದ್ದ. ಹೇಳಬೇಕೆಂದು ಬಾಯಿಗೆ ಬಂತು. ಹೇಳಿದರೆ, ಮತ್ತೆ ಹಚ್ಚಿ ತಾ ಹೋಗು ಎಂದು ಅಣ್ಣ ಮನೆಗೆ ಓಡಿಸುತ್ತಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ಸುಮ್ಮನಿದ್ದ. ನಿಂಗಪ್ಪನ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋಯಿತು. ಹಗ್ಗ ಒಮ್ಮೆ ಜಗ್ಗಿತು, ಸಡಿಲವಾಯಿತು.

ಅಷ್ಟರಲ್ಲಿ ಮಜ್ಜಿಗೆ ಚೊಂಬು ಹಿಡಿದು, ಎರಡು ವರ್ಷದ ಮಗಳು ನೇತ್ರಾವತಿಯನ್ನು ಸೊಂಟದಲ್ಲಿಟ್ಟುಕೊಂಡು ಅತ್ತಿಗೆ ಜಯಕ್ಕ ಬಂದಿದ್ದಳು. ಹಗೇವಿನೊಳಗೆ ಒಮ್ಮೆ ಬಗ್ಗಿ ನೋಡಿದಳು. ಅಣ್ಣಾ ಎಂದು ಚೀರುತ್ತಾ ಇಳಿಯಲು ಹೊರಟ ಮೈದುನನನ್ನು ನೋಡಿದಳು. ಮಗುವನ್ನು ಮಣ್ಣಿನ ಮೇಲೆ ಬಿಟ್ಟು ಅವನ ಸೊಂಟ ಹಿಡಿದಳು. ಅವನು ಗುದ್ದಿದ. ಮೊಣಕೈ ಹಿಂದಕ್ಕೆ ಬೀಸಿದಾಗ ಅವಳ ಮುಂದಿನ ಹಲ್ಲು ಮುರಿದ ಸದ್ದು ಅವನಿಗೆ ಕೇಳಿಸಿತು. ಬಿಡಲಿಲ್ಲ. ಬಳೆ ಒಡೆದು ಅವನ ಹೊಟ್ಟೆಗೆ ಚುಚ್ಚಿದವು. ಬಿಡಲಿಲ್ಲ. ಊರವರು ಓಡಿಬಂದು, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು, ನಿಂಗಪ್ಪನ ಬಟ್ಟೆಗೆ ಸಿಕ್ಕಿಸಿ ಮೇಲಕ್ಕೆ ಎಳೆಯುವ ತನಕ ಬಿಡಲಿಲ್ಲ.

ಹಗೇವಿನ ಗಾಳಿ ಕೆಟ್ಟದ್ದೆಂದು ಊರಿಗೆ ಗೊತ್ತಿತ್ತು. ಗಟ್ಟಿ ಆಳು ಉಸಿರು ಬಿಗಿಹಿಡಿದು ಇಳಿದರೆ ಒಬ್ಬನನ್ನು ಎತ್ತಿ ತರಬಹುದೆಂದೂ ಊರು ನಂಬಿತ್ತು. ಮೂರನೇ ದಿನಕ್ಕೆ ಮಾತು ಹುಟ್ಟಿತು. ಗಂಡ ಒಳಗೆ ಸಾಯ್ತಿದ್ರೆ ಇವಳು ಮೈದುನನ್ನ ತಬ್ಕಂಡು ಬಿದ್ದಿದ್ಲಂತೆ. ಆ ಮಾತು ಕಿವಿಗೆ ಬಿದ್ದಾಗ ಚಿತ್ರಲಿಂಗಪ್ಪನ ಮೈಯೆಲ್ಲ ಉರಿಯಿತು. ತನ್ನ ಮೇಲೆ ಬರುವ ಹೆಸರಿಗೆ ಹೆದರಿ ಅವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಅವಳು ಹಿಡೀದೇ ಇದ್ದಿದ್ರೆ ನಮ್ಮಣ್ಣ ಬದುಕ್ತಿದ್ದ, ಅಂದ. ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಅವನ ತಾಯಿ ಸೊಸೆಯನ್ನು ತಾಳ್ಯದ ತವರಿಗೆ ಅಟ್ಟಿದಳು. ಮಗುವನ್ನು ಕೊಡಲಿಲ್ಲ. ಆ ಮಗುವನ್ನು ಅವನೇ ಸಾಕಿದ, ಓದಿಸಿದ, ಮದುವೆ ಮಾಡಿದ. ಅಪ್ಪ ಹೆಂಗೆ ಸತ್ತ ಎಂದು ಅದು ಕೇಳಿದಾಗಲೆಲ್ಲ ಅದೇ ಮಾತು ಹೇಳಿದ. ಮೂವತ್ತನಾಲ್ಕು ವರ್ಷ ಹೇಳಿದ.

"ಬಿಡಣ್ಣೋ, ಡ್ರಿಲ್ಲು ಮುಗೀತು!" ಹನುಮೇಶ ಕೆಳಗಿನಿಂದ ಕೂಗುತ್ತಿದ್ದ. "ಲೇ ತಿಪ್ಪೇಶ, ಬಿಡಿಸಲೇ, ನಿಜವಾಗ್ಲೂ ಉಸಿರು ಕಟ್ತೈತೆ!"

ಇಬ್ಬರು ಸೇರಿ ಬೆರಳು ಬೆರಳು ಬಿಡಿಸಬೇಕಾಯಿತು. "ಹೆಂಡ್ತೀನೂ ಇಷ್ಟು ಬಿಗಿಯಾಗಿ ಹಿಡ್ದಿಲ್ಲಪ್ಪ ನನ್ನ," ಎಂದು ಹನುಮೇಶ ಧೂಳು ಕೊಡವಿಕೊಂಡ. ಚಿತ್ರಲಿಂಗಪ್ಪ ನೆಲದ ಮೇಲೇ ಕೂತಿದ್ದ. ಅವನ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ.

ಮೌನಿಕಾ ನೀರಿನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಯಾರನ್ನಾದ್ರೂ ಕಳ್ಕಂಡಿದೀರಾ ಅಣ್ಣ?"

"ಇಬ್ರನ್ನ," ಅಂದ. "ಒಬ್ರು ಇನ್ನೂ ಅವ್ರೆ. ತಾಳ್ಯದಾಗೆ."

ಊಟಕ್ಕೂ ಸರ್ಟಿಫಿಕೇಟಿಗೂ ಅವನು ನಿಲ್ಲಲಿಲ್ಲ. ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹೋಗಿ ಏನೆನ್ನಬೇಕೆಂದು ಯೋಚಿಸಿದ. ಒಂದು ಮಾತೂ ಕೂಡಿಬರಲಿಲ್ಲ. ಜಯಕ್ಕನನ್ನು ಅವನು ಕೊನೆಯ ಸಲ ನೋಡಿದ್ದು ನೇತ್ರಾವತಿಯ ಮದುವೆಯಲ್ಲಿ, ಹೊರಕೆರೆದೇವಪುರದ ಛತ್ರದ ಬಾಗಿಲಲ್ಲಿ. ಹನ್ನೊಂದು ವರ್ಷದ ಹಿಂದೆ. ಯಾರೂ ಕರೆದಿರಲಿಲ್ಲ. ಎಲ್ಲಿಂದಲೋ ಸುದ್ದಿ ತಿಳಿದು, ಹೊಸ ಸ್ಟೀಲಿನ ಕೊಡವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಬಿಟ್ಟ ಚಪ್ಪಲಿಗಳ ಮಧ್ಯೆ ನಿಂತಿದ್ದಳು. "ತಾಳಿ ಕಟ್ಟೋ ಹೊತ್ತಿಗೆ ನಿನ್ನ ನೆರಳು ಬೀಳೋದು ಬ್ಯಾಡ, ಹೋಗು," ಎಂದು ಅಟ್ಟಿದವನು ಅವನೇ. ಅವಳು ಕೊಡವನ್ನು ಅಲ್ಲೇ ಇಟ್ಟು ಹೋಗಿದ್ದಳು. ಅದನ್ನು ಅಡುಗೆಯವರಿಗೆ ಕೊಟ್ಟುಬಿಟ್ಟಿದ್ದ.

ತಾಳ್ಯದಲ್ಲಿ ಕೇಳಿದಾಗ, ಶಾಲೆಯಾಗೆ ಬಿಸಿಯೂಟದ ಕೆಲಸ ಮಾಡ್ತಾಳೆ, ಅಲ್ಲೇ ಇರ್ತಾಳೆ ಹೋಗ್ರಿ, ಎಂದರು. ಮಕ್ಕಳ ಊಟ ಮುಗಿದಿತ್ತು. ಅಡುಗೆಮನೆಯ ಬಾಗಿಲಲ್ಲಿ ದಪ್ಪನೆಯ ಹೆಂಗಸೊಬ್ಬಳು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಅವನ ಹಸಿರು ಜಾಕೀಟು, ಕೊರಳ ಕಾರ್ಡು ನೋಡಿ ದಿಗ್ಗನೆ ಎದ್ದಳು.

"ಬರ್ರಿ ಸಾರ್, ಕುಂತ್ಕಳ್ರಿ. ಎಲ್ಲ ತೊಳ್ದು ಬಳ್ದು ಮಾಡಿದೀವಿ ನೋಡ್ರಿ. ಬೇಳೆಯಾಗೆ ಹುಳ ಇತ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬ್ಯಾಡ್ರಿ, ಅವೆಲ್ಲ ಆಗದೇ ಇರೋರು ಹೇಳೋದು."

"ಸಾರ್ ಅಲ್ಲ ಕಣೇ ಚಂದ್ರಕ್ಕ," ಎಂಬ ದನಿ ಒಳಗಿನಿಂದ ಬಂತು. "ನನ್ನ ಮೈದ."

ಚಂದ್ರಕ್ಕ ಒಮ್ಮೆ ಅವನನ್ನೂ ಒಮ್ಮೆ ಒಳಗೂ ನೋಡಿದಳು. ಜಯಕ್ಕನಿಗೆ ಒಬ್ಬ ಮೈದುನ ಇದ್ದಾನೆಂಬುದೇ ಅವಳಿಗೆ ಹೊಸದು. ಹುಣಸೆಹಣ್ಣಿನ ಮೊರ ಎತ್ತಿಕೊಂಡು ಮರದ ಕೆಳಗೆ ಹೋದಳು.

ಜಯಕ್ಕ ಸಾಂಬಾರಿನ ದೊಡ್ಡ ಡಬರಿಯೊಳಗೆ ಸೊಂಟದ ತನಕ ಬಗ್ಗಿ ತಳ ಉಜ್ಜುತ್ತಿದ್ದವಳು ತಲೆ ಎತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುಂದಿನ ಹಲ್ಲಿನ ಜಾಗ ಖಾಲಿಯಿತ್ತು. ಅವಳ ಎರಡೂ ಕೈ ಡಬರಿಯ ಅಂಚು ಹಿಡಿದಿದ್ದವು.

"ನೇತ್ರಂಗೇನಾದ್ರೂ ಆತಾ?"

"ಇಲ್ಲ ಅತ್ಗೆ. ಚೆನ್ನಾಗವ್ಳೆ."

"ಮತ್ತೆ ನೀನ್ಯಾಕೆ ಬಂದೆ?" ಉತ್ತರಕ್ಕೆ ಕಾಯದೆ ಅವಳು ಮತ್ತೆ ಬಗ್ಗಿ ಉಜ್ಜತೊಡಗಿದಳು. ಆ ಕಪ್ಪು ಬಾಯಿಯೊಳಗೆ ಅವಳ ತಲೆ ಮುಳುಗಿದ್ದನ್ನು ಅವನಿಂದ ನೋಡಲಾಗಲಿಲ್ಲ. ಗೋಡೆ ಕಡೆ ತಿರುಗಿ ನಿಂತು ಹೇಳಿದ. ಡ್ರಮ್ಮು, ಮೇಣದಬತ್ತಿ, ತಗ್ಗಿಗೆ ಹರಿಯುವ ಗಾಳಿ, ಎಲ್ಲ ಹೇಳಿದ. ಮೂರನೇ ಕ್ಲಾಸಿನವನು ಒಪ್ಪಿಸಿದ ಪಾಠದ ಹಾಗೆ ಹಿಂದುಮುಂದಾಗಿ ಬಂತು. ತಾನು ಕೇಳಿದ ಪ್ರಶ್ನೆ ಹೇಳಿದ. ಆ ಹುಡುಗಿ ಕೊಟ್ಟ ಉತ್ತರ ಹೇಳಿದ.

ಉಜ್ಜುವ ಸದ್ದು ನಿಂತಿತು.

"ಏನಂದ್ಲು? ಇನ್ನೊಂದ್ಸಲ ಹೇಳು."

"ಇಳೀಬಹುದು, ಹತ್ತಾಕಾಗಲ್ಲ ಅಂದ್ಲು."

"ಓದಿರೋ ಹುಡುಗೀನಾ?"

"ಇಂಜಿನಿಯರು."

"ತಿಳೀದೆ ಹೇಳಿರಲ್ಲ, ಅಲ್ವಾ?"

"ಇಲ್ಲ ಅತ್ಗೆ. ನಾನು ಇಳಿದಿದ್ರೆ ಅಣ್ಣನ ಪಕ್ಕದಾಗೇ ಬೀಳ್ತಿದ್ದೆ. ನೀನು ಹಿಡಿದಿದ್ದಕ್ಕೆ ನಾನು ಇವತ್ತು ಇಲ್ಲಿ ನಿಂತಿರೋದು."

ಜಯಕ್ಕ ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತಳು. ಕೈಯಲ್ಲಿ ತೆಂಗಿನ ನಾರು ಹಾಗೇ ಇತ್ತು. ಅಳು ಬರುತ್ತದೆಂದು ಅವನು ಕಾದ. ಬರಲಿಲ್ಲ.

"ನಾನೂ ಅಂಗೇ ಅಂದ್ಕಂಡಿದ್ದೆ ಕಣಪ್ಪ," ಅಂದಳು. "ನಾನು ಕೈ ಬಿಟ್ಟಿದ್ರೆ ನೀನು ಅವರನ್ನ ಎತ್ಕಂಡು ಬರ್ತಿದ್ದೆ ಅಂತ. ನಿಮ್ಮವ್ವ ಅಂದಿದ್ದಕ್ಕಲ್ಲ, ನಂಗೇ ಅನ್ನಿಸ್ತಿತ್ತು. ಸಾಂಬಾರು ತಿರುವ್ತಾ ಇರ್ತೀನಿ, ಅನ್ನಿಸ್ತೈತೆ. ಈ ಕೈಯಾಗೇ ಮಕ್ಕಳಿಗೆ ಬಡಿಸ್ತೀನಲ್ಲ ಅನ್ನಿಸ್ತೈತೆ. ನಾನೇನು ಗಾಳಿ ಗೀಳಿ ತಿಳ್ಕಂಡು ಹಿಡೀಲಿಲ್ಲ. ಕೈಗೆ ಸಿಕ್ಕಿದ್ದು ನೀನು. ಅವರು ಸಿಕ್ಕಿದ್ರೆ ಅವರನ್ನೇ ಹಿಡೀತಿದ್ದೆ."

ಅವನು ಅವಳೆದುರು ನೆಲಕ್ಕೆ ಕೂತ. ಇನ್ನೊಂದು ಉಳಿದಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

"ಅತ್ಗೆ, ಆ ಲಾಟೀನು. ಎಣ್ಣೆ ಇತ್ತು ಅದ್ರಾಗೆ. ನಾನೇ ತುಂಬ್ಸಿದ್ದೆ. ನೀನು ಎಣ್ಣೆ ಹಾಕೋದು ಮರ್ತಿದೀಯ ಅಂತ ಅಣ್ಣ ಅಂದಾಗ ನಂಗೆ ಗೊತ್ತಿತ್ತು. ಸುಮ್ನಿದ್ದೆ."

"ಗೊತ್ತು."

ಅವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅನ್ನಿಸಿತು.

"ಆವತ್ತು ಸಂಜೆ ಅದನ್ನ ಎತ್ಕಂಡಿದ್ದು ನಾನೇ," ಅಂದಳು ಜಯಕ್ಕ. "ಕುಲುಕ್ತಿತ್ತು. ಬೆಳಿಗ್ಗೆ ನಿಂಗೇ ಹೇಳಿದ್ನಲ್ಲ ಹಾಕು ಅಂತ. ತುಂಬಿದ ಲಾಟೀನು ಆರಿದ್ದು ನೋಡೀನೂ ನೀನು ಅಣ್ಣನ್ನ ಇಳಿಯಾಕೆ ಬಿಟ್ಟೆ ಅಂತ ಗೊತ್ತಾಗಿದ್ರೆ ನಿನ್ನ ಉಳಿಸ್ತಿರಲಿಲ್ಲ ಜನ. ನಿಮ್ಮವ್ವಂಗೆ ಇದ್ದಿದ್ದು ನೀನೊಬ್ಬ. ಹಿತ್ಲಿಗೆ ತಗಂಡೋಗಿ ಎಣ್ಣೆ ಚೆಲ್ಲಿಬಿಟ್ಟೆ. ಮರ್ತಿದ್ದು ನಾನೇ ಅಂತ ಅಂದ್ಕಳ್ಳಲಿ ಬಿಡು ಅಂತ."

ಹೊರಗೆ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಚಿತ್ರಲಿಂಗಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಐವತ್ತನಾಲ್ಕು ವರ್ಷದ ಆಳು, ಭುಜ ಕುಲುಕಿ ಕುಲುಕಿ ಅತ್ತ. ಅವಳು ಸಮಾಧಾನ ಹೇಳಲಿಲ್ಲ. ಬೈಯಲೂ ಇಲ್ಲ.

"ಈಗ ಬಂದು ಹೇಳ್ತಿದೀಯ," ಅಂದಳು ಕೊನೆಗೆ. "ನಾನಿದನ್ನ ಯಾರ ಮುಂದೆ ಹೇಳ್ಲಿ? ನಮ್ಮಪ್ಪ ನಾಚ್ಕೆಯಾಗೇ ಸತ್ತ. ನಿಮ್ಮವ್ವ ಹೋದ್ಲು. ಆಡ್ಕಂಡೋರೆಲ್ಲ ಹೋದ್ರು. ಕೇಳೋರು ಯಾರು ಅವ್ರೆ?"

"ನೇತ್ರ ಅವ್ಳೆ."

ಅವನು ಜೇಬಿನಿಂದ ಫೋನು ತೆಗೆದ. ನಂಬರು ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಹತ್ತಿತು. ಸ್ಪೀಕರು ಹಾಕಿ, ಕವುಚಿದ್ದ ತಟ್ಟೆಯೊಂದರ ಮೇಲೆ ಇಬ್ಬರ ನಡುವೆ ಇಟ್ಟ.

"ಹೇಳು ಚಿಗಪ್ಪ," ನೇತ್ರಾವತಿಯ ದನಿ ಹೊಸದುರ್ಗದಿಂದ ಬಂತು. "ಟ್ರೈನಿಂಗ್ ಮುಗೀತಾ? ಪಾಸಾ ಫೇಲಾ? ಈ ವಯಸ್ನಾಗೆ ಫೇಲಾದ್ರೆ ನಮ್ಮನೆ ಮಕ್ಳು ಆಡ್ಕಂತಾವೆ ನೋಡು."

ಜಯಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಮಗಳ ದನಿ ಅವಳು ಕೇಳಿದ್ದು ಅದು ಎರಡು ವರ್ಷದ ಮಗುವಾಗಿದ್ದಾಗ.

ಅವನು ಹೇಳಿದ. ಈ ಸಲ ಹಿಂದುಮುಂದಾಗಲಿಲ್ಲ. "ನಿಮ್ಮವ್ವಂದು ತಪ್ಪಿಲ್ಲ ಮಗಾ. ನಾನು ನಿಂಗೆ ಹೇಳಿದ್ದೆಲ್ಲ ಸುಳ್ಳು. ನಿಮ್ಮಪ್ಪ ಹೋಗಿದ್ದು ನನ್ನಿಂದ. ನಾನು ಉಳಿದಿದ್ದು ನಿಮ್ಮವ್ವನಿಂದ. ತಾಳ್ಯದಾಗಿದೀನಿ. ಇಲ್ಲೇ ಕುಂತವ್ಳೆ, ಕೇಳಿಸ್ಕಂತವ್ಳೆ."

ಫೋನು ಕಟ್ಟಾಯಿತೇನೋ ಎಂದು ಅವನು ಬಗ್ಗಿ ನೋಡಿದ. ಸೆಕೆಂಡಿನ ಅಂಕಿ ಓಡುತ್ತಿತ್ತು. ಎಲ್ಲೋ ಒಂದು ಕುಕ್ಕರು ಕೂಗಿತು.

"ಚಿಗಪ್ಪ," ಅಂದಳು ನೇತ್ರಾವತಿ. ದನಿ ಬದಲಾಗಿತ್ತು. "ನನ್ನ ಮದುವೇಲಿ ಛತ್ರದ ಬಾಗ್ಲಾಗೆ ಒಬ್ಬಳು ನಿಂತಿದ್ಲು. ನೀಲಿ ಸೀರೆ. ನಾನು ಸ್ಟೇಜ್ ಮೇಲಿಂದ ನೋಡಿ, ಯಾರು ಚಿಗಪ್ಪ ಅದು ನನ್ನೇ ನೋಡ್ತಾವ್ಳೆ ಅಂತ ಕೇಳಿದ್ದೆ. ನೀನು, ಯಾರೋ ಬೇಡಾಕೆ ಬಂದೋಳು, ಊಟ ಹಾಕಿ ಕಳಿಸ್ದೆ ಅಂದೆ."

ಅವನು ಕಣ್ಣು ಮುಚ್ಚಿದ. ಅದನ್ನು ಜಯಕ್ಕ ಕೇಳಬಾರದಿತ್ತು.

"ಅದು ಅವಳೇನಾ?"

"ಹೂಂ."

"ಊಟ ಆದ್ರೂ ಹಾಕಿದ್ಯಾ?"

ಕುಕ್ಕರು ಇನ್ನೊಮ್ಮೆ ಕೂಗಿತು. ಆ ಕಡೆ ಒಂದು ಮಗು ಅಮ್ಮಾ ಅಂದಿತು; ಯಾರೂ ಅದಕ್ಕೆ ಓಗೊಡಲಿಲ್ಲ. ನೇತ್ರಾವತಿ ಬಾಯಲ್ಲಿ ಉಸಿರಾಡುತ್ತಿದ್ದುದು ಈ ಕಡೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳು ಫೋನು ಇಡಲಿಲ್ಲ. ಜಯಕ್ಕ ತಟ್ಟೆಯ ಕಡೆ ಬಗ್ಗಿದಳು. ಬಗ್ಗಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಕರೆಯಲು ಅವಳಿಗೆ ಯಾವ ಹೆಸರೂ ಬಾಯಿಗೆ ಬಂದಂತಿರಲಿಲ್ಲ.

ಕುಕ್ಕರು ಮೂರನೆಯ ಸಲ ಕೂಗಿತು. ಉದ್ದವಾಗಿ, ಬಿಡದೆ.

"ಬೇಳೆ ತಳ ಹಿಡೀತೈತೆ," ಅಂದಳು ಜಯಕ್ಕ, ಫೋನಿಗೆ. "ಉರಿ ಸಣ್ಣ ಮಾಡವ್ವ."

ಆ ಕಡೆ ಬರಿಗಾಲು ನಾಲ್ಕು ಹೆಜ್ಜೆ ನಡೆದ ಸದ್ದು, ಸ್ಟೌವಿನ ತಿರುಪು ಟಕ್ಕೆಂದು ತಿರುಗಿದ ಸದ್ದು ಕೇಳಿತು. ಕುಕ್ಕರಿನ ಕೂಗು ಇಳಿಯುತ್ತಾ ಇಳಿಯುತ್ತಾ ಸಣ್ಣಗಾಯಿತು. ಜಯಕ್ಕ ತಲೆ ಓರೆ ಮಾಡಿ, ಅದು ಪೂರ್ತಿ ನಿಲ್ಲುವ ತನಕ ಕೇಳುತ್ತಾ ಕೂತಳು.